ಪರದೆ, ಡ್ರಮ್ಸ್, ಹೊಸ ಹಾಡು: ಆರಾಧನೆಯಲ್ಲಿ ಹಾಡಬೇಕಾದವರು ಯಾರು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಸಿ.ಎಸ್.ಐ. (ದಕ್ಷಿಣ ಭಾರತ ಕ್ರೈಸ್ತ ಸಭೆ) ಸಭೆಯ ಕಮಿಟಿಯಲ್ಲಿದ್ದೇನೆ. ನಮ್ಮದು ಮಿಷನರಿಗಳ ಕಾಲದ ಹಳೆಯ ದೇವಾಲಯ. ಭಾನುವಾರ ನೂರೈವತ್ತು ಜನ ಸೇರುತ್ತಾರೆ. ಬೆಂಗಳೂರಿನಲ್ಲಿ ಓದಿ ಬಂದ ಯೂತ್‌ನವರು ಡ್ರಮ್ಸ್, ಗಿಟಾರ್, ಹೊಸ ಹಾಡು ಬೇಕು, ಹಾಡಿನ ಪುಸ್ತಕದ ಬದಲು ಎಲ್‌ಇಡಿ ಪರದೆ ಹಾಕಿಸೋಣ ಅನ್ನುತ್ತಾರೆ. ಪರದೆಯ ಖರ್ಚು ಕೊಡಲು ಒಬ್ಬರು ಮುಂದೆ ಬಂದಿದ್ದಾರೆ. ಹಿರಿಯರು "ದೇವರ ಮನೆ ಆರ್ಕೆಸ್ಟ್ರಾ ಸ್ಟೇಜ್ ಅಲ್ಲ" ಎಂದು ಪಟ್ಟು ಹಿಡಿದು ಕೂತಿದ್ದಾರೆ. ಅಯ್ಯನವರು (ಪಾದ್ರಿ) ಎರಡೂ ಕಡೆಯವರ ಮನಸ್ಸು ನೋಯಿಸಲಾರದೆ ಸುಮ್ಮನಿದ್ದಾರೆ. ಇವೆಲ್ಲ ಆರಾಧನೆಗೆ ಸಲ್ಲುತ್ತವೆಯೇ? ಸಲ್ಲುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಹಿರಿಯರ ಮಾತು ಸರಿ. ದೇವರ ಮನೆ ಆರ್ಕೆಸ್ಟ್ರಾ ಸ್ಟೇಜ್ ಅಲ್ಲವೇ ಅಲ್ಲ. ಆದರೆ ಆ ಮಾತಿನಿಂದ ಡ್ರಮ್ಸ್ ಬೇಡ ಎಂಬ ತೀರ್ಮಾನ ಹೊರಡುವುದಿಲ್ಲ. ಹಾಡುವ ಕೆಲಸ ಮುಂದೆ ನಿಂತ ನಾಲ್ಕು ಜನರದ್ದಾಗಿ, ಉಳಿದ ನೂರೈವತ್ತು ಜನ ಕೇಳುವವರಾಗಿ ಕೂತರೆ ಅದು ಸ್ಟೇಜ್. ಡ್ರಮ್ಸ್ ಇಲ್ಲದ ಸಭೆಯಲ್ಲೂ ಇದು ಆಗುತ್ತದೆ. ಪೈಪ್ ಆರ್ಗನ್, ನಾಲ್ಕು ಸ್ವರದ ಕ್ವಾಯರ್, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ಎಲ್ಲ ಇದ್ದು, ಬೆಂಚಿನಲ್ಲಿ ಕೂತವರು ಬಾಯಿ ಬಿಡದ ಸಭೆಗಳು ಬೇಕಾದಷ್ಟಿವೆ.

ಹಾಗಾಗಿ ಪರದೆಯ ಕೊಟೇಶನ್ ತರಿಸುವ ಮೊದಲು ಒಂದು ಕೆಲಸ ಮಾಡಿ. ಬರುವ ಭಾನುವಾರ ಎಲ್ಲರಿಗೂ ಗೊತ್ತಿರುವ ಒಂದು ಹಾಡಿನ ಕೊನೆಯ ಚರಣಕ್ಕೆ ಕೀಬೋರ್ಡ್ ನಿಲ್ಲಿಸಿ, ಕ್ವಾಯರ್‌ನ ಮೈಕ್ ಆಫ್ ಮಾಡಿ. ಹಾಡು ಮುಂದುವರಿಯುತ್ತದೆಯೋ, ಅಲ್ಲೇ ಕುಸಿಯುತ್ತದೆಯೋ ಕೇಳಿಸಿಕೊಳ್ಳಿ. ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ. ಹೊಸ ಹಾಡಾಗಲಿ, ವಾದ್ಯವಾಗಲಿ, ಪರದೆಯಾಗಲಿ, ಬಂದ ಮೇಲೆ ಸಭೆಯ ದನಿ ಹೆಚ್ಚಿತೋ ಕಡಿಮೆಯಾಯಿತೋ ಎಂಬುದೊಂದೇ ನಾನು ನೋಡುವ ಲೆಕ್ಕ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನು ಹಾಡಿನ ಮೂಲಕ ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳಿರಿ ಅನ್ನುತ್ತಾನೆ. ಒಬ್ಬರಿಗೊಬ್ಬರು ಎಂದ ಮೇಲೆ ಎಲ್ಲರೂ ಬಾಯಿ ಬಿಡಲೇಬೇಕು.

ಇನ್ನು ಹೊಸತು, ಹಳತು ಎಂಬ ಜಗಳ. ಹಾಸನದಲ್ಲಿ ಕೂತು ಈ ಜಗಳ ಆಡುವವರು ತಮ್ಮ ಸಭೆಯ ಬೇರು ಎಲ್ಲಿಯದು ಎಂದು ಒಮ್ಮೆ ನೋಡಬೇಕು. ಕರಾವಳಿಗೆ ಬಾಸೆಲ್ ಮಿಷನ್ ಬಂದ ಹಾಗೆ ಹಳೇ ಮೈಸೂರು ಸೀಮೆಗೆ ಬಂದದ್ದು ವೆಸ್ಲಿಯನ್ ಮಿಷನ್. 1947ರಲ್ಲಿ ಸಿ.ಎಸ್.ಐ. ಆದಾಗ ಆ ಸಭೆಗಳು ಅದರೊಳಗೆ ಸೇರಿದವು. ಆ ವೆಸ್ಲಿಯನ್ ಚಳವಳಿ 18ನೇ ಶತಮಾನದ ಇಂಗ್ಲೆಂಡಿನಲ್ಲಿ ಹರಡಿದ್ದೇ ಹೊಸ ಹಾಡಿನ ಬಲದಿಂದ. ಚಾರ್ಲ್ಸ್ ವೆಸ್ಲಿ ಬರೆದ ಹಾಡುಗಳು ಆರು ಸಾವಿರಕ್ಕೂ ಹೆಚ್ಚು. ಅವನಿಗಿಂತ ಮೊದಲು, 1707ರಲ್ಲಿ, ಐಸಾಕ್ ವಾಟ್ಸ್ ತನ್ನ ಹಾಡುಗಳ ಪುಸ್ತಕ ಅಚ್ಚು ಹಾಕಿಸಿದಾಗ ಬೈಬಲಿನ ಕೀರ್ತನೆಗಳನ್ನು ಬಿಟ್ಟು ಮನುಷ್ಯರು ಕಟ್ಟಿದ್ದನ್ನು ಆರಾಧನೆಯಲ್ಲಿ ಹಾಡಬಾರದು ಎನ್ನುವವರು ಎಷ್ಟೋ ಜನ ಇದ್ದರು. ಇವತ್ತು ನಿಮ್ಮ ಹಿರಿಯರು ಕಾಪಾಡಲು ಹೊರಟಿರುವ ಹಾಡುಗಳಲ್ಲಿ ಹಲವು ಆ ಕಾಲದ ತಂಟೆಯ ಹಾಡುಗಳೇ.

ಅದೇ ವೆಸ್ಲಿ ಮನೆತನದಿಂದ ಯೂತ್‌ನವರಿಗೂ ಒಂದು ಮಾತಿದೆ. ಚಾರ್ಲ್ಸ್‌ನ ಅಣ್ಣ ಜಾನ್ ವೆಸ್ಲಿ 1761ರ ಹಾಡಿನ ಪುಸ್ತಕದ ಜೊತೆ ಹಾಡುವವರಿಗೆ ಕೆಲವು ಸೂಚನೆ ಅಚ್ಚು ಹಾಕಿಸಿದ. ಎಲ್ಲರೂ ಹಾಡಿ, ನಿದ್ದೆಗಣ್ಣಿನಲ್ಲಿ ಹಾಡಬೇಡಿ, ಗಟ್ಟಿಯಾಗಿ ಹಾಡಿ ಎನ್ನುತ್ತಾನೆ. ಅದರ ಬೆನ್ನಿಗೇ, ಸಭೆಯ ದನಿಗಿಂತ ನಿಮ್ಮ ದನಿ ಮೇಲೆದ್ದು ಬೇರೆಯಾಗಿ ಕೇಳುವಂತೆ ಅರಚಬೇಡಿ, ಮುಂದೆ ಓಡಬೇಡಿ, ಹಿಂದೆ ಉಳಿಯಬೇಡಿ ಎನ್ನುತ್ತಾನೆ. ಮೈಕ್ ಇಲ್ಲದ ಕಾಲದಲ್ಲಿ ಬರೆದದ್ದು. ಮೈಕ್ ಹಿಡಿದ ಪ್ರತಿಯೊಬ್ಬ ಲೀಡ್ ಸಿಂಗರ್ ಅದನ್ನು ಬಾಯಿಪಾಠ ಮಾಡಬೇಕು ಎಂಬುದು ನನ್ನ ಆಸೆ.

ವಾದ್ಯಗಳ ಕತೆಯೂ ಹೀಗೆಯೇ. ನಮ್ಮ ಊರುಗಳಲ್ಲಿ 'ಸಾಂಪ್ರದಾಯಿಕ' ಎಂದರೆ ಹಾರ್ಮೋನಿಯಂ. ಅದು 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಆದ ವಾದ್ಯ. ಕೈಯಲ್ಲಿ ತಿದಿ ಒತ್ತಿ ನೆಲದಲ್ಲಿ ಕೂತು ನುಡಿಸುವ ರೂಪ ಅದಕ್ಕೆ ಬಂದದ್ದು ಕಲ್ಕತ್ತದಲ್ಲಿ ದ್ವಾರಕಾನಾಥ ಘೋಷರ ಕೈಯಲ್ಲಿ, 1875ರ ಹೊತ್ತಿಗೆ. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಗಿಟಾರ್ ಅಂದರೆ ಮೂಗು ಮುರಿಯುವವರಿಗೆ ಹೇಳಿ: ಕ್ರಿಸ್ಮಸ್ ರಾತ್ರಿ ನಾವು ಕಣ್ಣು ಮುಚ್ಚಿ ಹಾಡುವ 'ಸೈಲೆಂಟ್ ನೈಟ್' ಮೊದಲ ಸಲ ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ 1818ರ ಡಿಸೆಂಬರ್ 24ರಂದು ಗಿಟಾರ್ ಜೊತೆಗೇ ಹಾಡಿದ್ದು. ಕಥೋಲಿಕ ಸಭೆಯಲ್ಲಂತೂ 1903ರಲ್ಲಿ ಪೋಪ್ ಹತ್ತನೇ ಪಿಯುಸ್ ಪಿಯಾನೋವನ್ನೂ ಡ್ರಮ್‌ನಂಥ ಗದ್ದಲದ ವಾದ್ಯಗಳನ್ನೂ ದೇವಾಲಯದೊಳಗೆ ನಿಷೇಧಿಸಿದ್ದರು. ಅರವತ್ತು ವರ್ಷ ಕಳೆದು, ಚಿಕ್ಕಮಗಳೂರು ಧರ್ಮಕ್ಷೇತ್ರ (ಬಿಷಪರ ಆಡಳಿತದ ಪ್ರದೇಶ) ಹುಟ್ಟಿದ 1963ರಲ್ಲೇ, ಎರಡನೇ ವ್ಯಾಟಿಕನ್ ಮಹಾಸಭೆ ಆಯಾ ನಾಡಿನ ಸಂಗೀತಕ್ಕೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕು ಎಂದಿತು. ಜನ ತಾವೇ ಭಾಗವಹಿಸಬೇಕು ಎಂಬುದು ಆ ದಾಖಲೆಯ ಮುಖ್ಯ ಕಾಳಜಿ. ಚಿಕ್ಕಮಗಳೂರು ಕಡೆಯ ಕಥೋಲಿಕ ಓದುಗರು ಬಲಿಪೂಜೆಗೆ (ಮಾಸ್) ಹಾಡು ಆರಿಸುವಾಗ ತಮ್ಮ ಸ್ವಾಮಿಯವರನ್ನು ಕೇಳಿಯೇ ಮುಂದುವರಿಯಬೇಕು. ಅಲ್ಲಿ ಪ್ರವೇಶ, ಕಾಣಿಕೆ, ಪ್ರಸಾದ ಸ್ವೀಕಾರ ಎಂದು ಒಂದೊಂದು ಹಾಡಿಗೂ ಒಂದೊಂದು ಜಾಗವಿದೆ.

ಈಗ ನಿಮ್ಮ ದೇವಾಲಯಕ್ಕೆ ಬರೋಣ. ಹಳೆಯ ಕಟ್ಟಡ ಎಂದಿರಿ. ದಪ್ಪ ಗೋಡೆ, ಗಾರೆಯ ನುಣುಪು, ಗಟ್ಟಿ ನೆಲ, ಎತ್ತರದ ಮಾಡು ಇರಬೇಕು. ಇಂಥ ಕಟ್ಟಡದಲ್ಲಿ ಒಂದು ಸಲ ಚಪ್ಪಾಳೆ ತಟ್ಟಿದರೆ ಆ ಸದ್ದು ಎರಡು ಸೆಕೆಂಡಿನವರೆಗೂ ಉಳಿಯಬಹುದು. ನಿಧಾನದ ಹಾಡಿಗೆ ಇದು ವರ: ಒಂದು ಸ್ವರ ಮುಂದಿನ ಸ್ವರಕ್ಕೆ ಹಾಸಿಗೆ ಹಾಸುತ್ತದೆ, ಮೂವತ್ತು ಜನ ಹಾಡಿದರೂ ನೂರು ಜನ ಹಾಡಿದ ಹಾಗೆ ಕೇಳುತ್ತದೆ. ಡ್ರಮ್ಸ್‌ಗೆ ಇದೇ ಶಾಪ. ಮೊದಲ ಪೆಟ್ಟಿನ ಸದ್ದು ಆರುವ ಮುಂಚೆ ನಾಲ್ಕು ಪೆಟ್ಟು ಬಿದ್ದಿರುತ್ತದೆ. ಮಾತು ಅದರೊಳಗೆ ಮುಳುಗುತ್ತದೆ. ಮಾತು ಕೇಳುತ್ತಿಲ್ಲ ಎಂದು ಹಾಡುವವರ ಮೈಕ್ ಏರಿಸುತ್ತಾರೆ, ಅದನ್ನು ನೋಡಿ ಗಿಟಾರ್‌ನವನು ಏರಿಸುತ್ತಾನೆ, ಕೊನೆಗೆ ಹಿಂದಿನ ಬೆಂಚಿನ ಅಜ್ಜಿ ಕಿವಿಗೆ ಸೆರಗು ಒತ್ತಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ನಿಮ್ಮ ಹುಡುಗರು ಕಂಡ ಹಾಲ್‌ಗಳಲ್ಲಿ ಕಾರ್ಪೆಟ್, ಮೆತ್ತನೆ ಕುರ್ಚಿ, ಗೋಡೆಗೆ ಫೋಮ್ ಇರುತ್ತವೆ. ಅಲ್ಲಿ ಹೊಂದಿದ್ದು ಇಲ್ಲಿ ಹೊಂದದೆ ಇರುವುದಕ್ಕೆ ಕಾರಣ ಭಕ್ತಿಯ ಕೊರತೆ ಅಲ್ಲ, ಗೋಡೆ.

ಹಾಗಾಗಿ ಪೂರಾ ಡ್ರಮ್ ಸೆಟ್ ಈಗ ಬೇಡ. ಕಹೋನ್ ಎಂಬ ಮರದ ಪೆಟ್ಟಿಗೆ, ಢೋಲಕ್, ತಬಲಾ, ಒಂದು ಜೊತೆ ತಾಳ ಸಾಕು. ಡ್ರಮ್ಸ್ ಇದ್ದೇ ತೀರಬೇಕು ಎಂದರೆ ಕೋಲಿನ ಬದಲು ಬ್ರಷ್ ಕೊಡಿ. ಮೈಕ್, ವಾದ್ಯಗಳ ಸದ್ದು ಹೊಂದಿಸುವ ಮಿಕ್ಸರ್ ಇಡುವ ಜಾಗವೂ ಮುಖ್ಯ. ಹೆಚ್ಚಿನ ಸಭೆಗಳಲ್ಲಿ ಅದು ವೇದಿಕೆಯ ಪಕ್ಕದ ಮೂಲೆಯಲ್ಲಿ, ಸ್ಪೀಕರ್‌ನ ಬೆನ್ನ ಹಿಂದೆ ಇರುತ್ತದೆ. ಅಲ್ಲಿ ಕೂತವನಿಗೆ ಜನರಿಗೆ ಏನು ಕೇಳುತ್ತಿದೆ ಎಂಬುದೇ ತಿಳಿಯುವುದಿಲ್ಲ. ಅದನ್ನು ಜನರ ನಡುವೆ, ಹಿಂದಿನಿಂದ ಮೂರನೇ ಬೆಂಚಿನ ಬಳಿ ಇಡಿ. ಅಲ್ಲಿ ಕೂತವನಿಗೆ ಪಕ್ಕದವರ ಹಾಡು ಕೇಳದಿದ್ದರೆ ಸದ್ದು ಹೆಚ್ಚಾಗಿದೆ ಎಂದೇ ಅರ್ಥ. ಸಕಲೇಶಪುರ, ಮೂಡಿಗೆರೆ ಕಡೆ ಶೀಟ್ ಮಾಡಿನ ಸಭೆಗಳಿಗೆ ಜುಲೈ ತಿಂಗಳಲ್ಲಿ ಬೇರೆಯದೇ ಕಷ್ಟ. ಮಳೆಯ ಸದ್ದನ್ನು ಸ್ಪೀಕರ್‌ನಿಂದ ಗೆಲ್ಲಲು ಆಗುವುದಿಲ್ಲ, ಗೆಲ್ಲಲು ಹೋಗಲೂಬಾರದು. ಆ ತಿಂಗಳುಗಳಲ್ಲಿ ಎಲ್ಲರಿಗೂ ಬಾಯಿಗೆ ಬರುವ ಹಾಡನ್ನೇ ಆರಿಸಿ. ಕರೆಂಟು ಹೋದರೂ ಅದು ನಿಲ್ಲುವುದಿಲ್ಲ.

ಸದ್ದಿಗಿಂತ ದೊಡ್ಡ ತೊಂದರೆ ಶ್ರುತಿಯದು. ಇದನ್ನು ಯಾರೂ ಗಮನಿಸುವುದಿಲ್ಲ. ಹೊಸ ಹಾಡುಗಳನ್ನು ನಮ್ಮ ಮಕ್ಕಳು ಕಲಿಯುವುದು ಯೂಟ್ಯೂಬ್‌ನಿಂದ. ಅಲ್ಲಿ ಹಾಡಿದವರು ತಾರಸ್ಥಾಯಿಯಲ್ಲಿ ಸಲೀಸಾಗಿ ನಿಲ್ಲಬಲ್ಲ ಪಳಗಿದ ಗಾಯಕರು. ಅದೇ ಶ್ರುತಿಯಲ್ಲಿ ನಿಮ್ಮ ಹುಡುಗರು ಶುರು ಮಾಡುತ್ತಾರೆ. ಪಲ್ಲವಿಯವರೆಗೆ ಸಭೆ ಜೊತೆಗಿರುತ್ತದೆ, ಚರಣ ಮೇಲೇರಿದ ಕೂಡಲೇ ಗಂಡಸರು ಬಾಯಿ ಮುಚ್ಚುತ್ತಾರೆ, ಮುಂದಿನ ಸಾಲಿಗೆ ಹೆಂಗಸರೂ ನಿಲ್ಲಿಸುತ್ತಾರೆ. ಹಿರಿಯರಿಗೆ ಹೊಸ ಹಾಡು ಇಷ್ಟವಿಲ್ಲ ಎಂದು ಯೂತ್‌ನವರು ತಿಳಿಯುತ್ತಾರೆ. ನಿಜಕ್ಕೂ ಅವರ ಗಂಟಲು ಅಲ್ಲಿಗೆ ಏರುವುದಿಲ್ಲ, ಅಷ್ಟೇ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇರುವುದು ಇದಕ್ಕೇ. ಹಾಡಿನ ಅತಿ ಎತ್ತರದ ಸ್ವರವನ್ನು ಮೊದಲು ಹುಡುಕಿ. ಕ್ವಾಯರ್ ಸೇರದ ಒಬ್ಬ ಸಾಮಾನ್ಯ ಗಂಡಸು, ಒಬ್ಬ ಸಾಮಾನ್ಯ ಹೆಂಗಸು ಅದನ್ನು ಕತ್ತು ಚಾಚದೆ ಹಾಡುವವರೆಗೆ ಶ್ರುತಿ ಇಳಿಸಿ, ಆಮೇಲೆ ಅದನ್ನು ಹಾಳೆಯ ಮೇಲೆ ಬರೆದಿಡಿ.

ಹಾಡು ಆರಿಸುವಾಗ ಸಾಹಿತ್ಯವನ್ನು ತಾಳವಿಲ್ಲದೆ ಒಮ್ಮೆ ಓದಿ. ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡ ತುಂಬಿಸಿದ ಕಡೆ ಹ್ರಸ್ವದ ಮೇಲೆ ಉದ್ದ ಸ್ವರ ಬಿದ್ದು 'ಬಲ' ಹೋಗಿ 'ಬಾಲ' ಆಗಿರುತ್ತದೆ. ಹಳೆಯ ಪುಸ್ತಕದಲ್ಲೂ ಇಂಥವು ಇವೆ. ಅಭ್ಯಾಸವಾಗಿ ನಮಗೆ ಕಾಣುವುದಿಲ್ಲ. ಕನ್ನಡದ ಲಯ ತಿಳಿದವರು ಏನು ಮಾಡಬಹುದು ಎಂಬುದಕ್ಕೆ ಕಿಟೆಲ್ ಸಾಕ್ಷಿ. ನಿಘಂಟಿನ ಆ ಕಿಟೆಲ್ಲರೇ 1862ರಲ್ಲಿ ಕ್ರಿಸ್ತನ ಜೀವನವನ್ನು ನಮ್ಮ ನಾಡಿನ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದರು. ಪರದೇಶದಿಂದ ಬಂದವರು ಅಷ್ಟು ಶ್ರಮಪಟ್ಟರೆ, ಇಲ್ಲೇ ಹುಟ್ಟಿದ ನಾವು ಇಂಗ್ಲಿಷ್ ಹಾಡಿನ ಅಚ್ಚಿಗೆ ಕನ್ನಡವನ್ನು ಬಗ್ಗಿಸುತ್ತ ಕೂರಬೇಕೇ?

ಸಿನಿಮಾ ಧಾಟಿ ಬೇಡ. ಲೌಕಿಕ ಧಾಟಿ ಎಂಬ ಕಾರಣಕ್ಕಲ್ಲ. ಗುಡ್ ಫ್ರೈಡೆಗೆ ನಾವು ಹಾಡುವ ಶಿಲುಬೆಯ ಹಾಡೊಂದರ ಧಾಟಿ 1601ರಲ್ಲಿ ಹಾಸ್ಲರ್ ಎಂಬ ಜರ್ಮನ್ ಸಂಗೀತಗಾರನ ಪ್ರೇಮಗೀತೆಯಾಗಿತ್ತು, ಅದನ್ನೇ ಮುಂದೆ ಬಾಖ್ ಎಂಬ ಸಂಗೀತಗಾರ ಕ್ರಿಸ್ತನ ಯಾತನೆಯ ಸಂಗೀತದಲ್ಲಿ ಮತ್ತೆ ಮತ್ತೆ ಬಳಸಿದ. ಆದರೆ ಆ ಪ್ರೇಮಗೀತೆಯನ್ನು ಜನ ಈಗ ಮರೆತಿದ್ದಾರೆ. ಕಳೆದ ವರ್ಷದ ಸಿನಿಮಾ ಹಾಡನ್ನು ಯಾರೂ ಮರೆತಿರುವುದಿಲ್ಲ. ಕಣ್ಣು ಮುಚ್ಚಿದರೆ ನಾಯಕನೇ ಬರುತ್ತಾನೆ.

ಪರದೆಯ ವಿಷಯ. ಇದರಲ್ಲಿ ಲಾಭ ಇದೆ. ತಲೆ ಎತ್ತಿ ಹಾಡಿದರೆ ದನಿ ಹೊರಗೆ ಬರುತ್ತದೆ, ಪುಸ್ತಕಕ್ಕೆ ಬಾಗಿದರೆ ಎದೆಯೊಳಗೇ ಉಳಿಯುತ್ತದೆ. ಮೊದಲ ಸಲ ಬಂದವರಿಗೆ ಪುಟ ಹುಡುಕುವ ಮುಜುಗರವಿಲ್ಲ. ಕಾಫಿ ತೋಟದ ಕಡೆಯ ಸಭೆಗಳಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳ ಮನೆಮಾತಿನವರು ಒಟ್ಟಿಗೆ ಕೂರುತ್ತಾರೆ. ಒಂದು ಚರಣವನ್ನು ಎರಡು ಭಾಷೆಯಲ್ಲಿ ತೋರಿಸಲು ಪರದೆಯಷ್ಟು ಅನುಕೂಲ ಇನ್ನೊಂದಿಲ್ಲ. ಆದರೆ ಓದಲು ಬಾರದ ಹಿರಿಯರು ಇರುವ ಕಡೆ ಪುಸ್ತಕವೂ ಪರದೆಯೂ ಒಂದೇ. ಅವರಿಗೆ ಬೇಕಾದದ್ದು ಚಿಕ್ಕ ಪಲ್ಲವಿ. ಮುಂದಿನವರು ಸಾಲು ಎತ್ತಿಕೊಡಬೇಕು, ಎಲ್ಲರೂ ತಿರುಗಿ ಹೇಳಬೇಕು. ನಮ್ಮ ಸೋಬಾನೆ ಪದದಿಂದ ಭಜನೆಯವರೆಗೆ ಎಲ್ಲವೂ ಹೀಗೇ ತಾನೇ ನಡೆದು ಬಂದಿದ್ದು.

ಪರದೆ ಹಾಕುವುದಾದರೆ ಶಿಲುಬೆಯ ಮುಂದೆ, ಕರ್ತನ ಮೇಜಿನ ಮೇಲೆ ಬೇಡ. ಪಕ್ಕದ ಗೋಡೆಗೆ ಇರಲಿ. ಹಳೆಯ ದೇವಾಲಯಗಳಲ್ಲಿ ಅನೇಕವು ಪೂರ್ವಾಭಿಮುಖ. ಬೆಳಗಿನ ಆರಾಧನೆಗೆ ಮುಂದಿನ ಕಿಟಕಿಯಿಂದಲೇ ಬಿಸಿಲು ಬರುತ್ತದೆ. ಆ ಬೆಳಕಿಗೆ ಎದುರಾಗಿ ಪ್ರೊಜೆಕ್ಟರ್ ನಡೆಯುವುದಿಲ್ಲ, ಕಿಟಕಿಗೆ ಕರಿ ಪರದೆ ಕಟ್ಟಿ ದೇವಾಲಯವನ್ನು ಕತ್ತಲು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಒಬ್ಬರ ಮುಖ ಒಬ್ಬರು ನೋಡುವಂತಿರಬೇಕು. ಎಲ್‌ಇಡಿ ಗೋಡೆಯ ಬದಲು ಎಡಬಲದ ಕಂಬಗಳಿಗೆ ಎರಡು ದೊಡ್ಡ ಟಿವಿ ನಿಮ್ಮ ಸಭೆಗೆ ಸಾಕು, ಖರ್ಚೂ ಕಡಿಮೆ.

ಅಕ್ಷರದ ಕಷ್ಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಭಾನುವಾರ ಬೆಳಗ್ಗೆ ಸಭೆಗಳು ಎಡವುವುದು ಇಲ್ಲೇ. ಶನಿವಾರ ರಾತ್ರಿ ಒಬ್ಬರು ಮನೆಯಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಹಾಡು ಟೈಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ತರುತ್ತಾರೆ. ದೇವಾಲಯದ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇರುವುದಿಲ್ಲ. ಮೊದಲ ಹಾಡಿಗೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲವನ್ನೂ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಜೊತೆಗೆ ಪಿಡಿಎಫ್ ಪ್ರತಿಯೊಂದು ಇರಲಿ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರ ಕನ್ನಡಕ್ಕೆ ಸಾಲದು: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, 'ಸ್ತ್ರ'ದಂಥವು ಕಾಲು ಕಳೆದುಕೊಳ್ಳುತ್ತವೆ. ಒಂದು ಸ್ಲೈಡಿಗೆ ನಾಲ್ಕು ಸಾಲು ಮೀರಬಾರದು. ಕಡು ಹಿನ್ನೆಲೆಗೆ ಬಿಳಿ ಅಕ್ಷರ ಹಾಕಿ. ಹಿಂದೆ ಹರಿಯುವ ನೀರು, ಹಾರುವ ಪಾರಿವಾಳ ಯಾವುದೂ ಬೇಡ. ಸ್ಲೈಡ್ ಬದಲಿಸುವವರು ಹಾಡುವವರೇ ಆಗಿರಬೇಕು. ಮುಂದಿನ ಸಾಲು ಜನ ಉಸಿರು ತೆಗೆದುಕೊಳ್ಳುವ ಮುಂಚೆ ಬರಬೇಕು, ಹಾಡಲು ಶುರು ಮಾಡಿದ ಮೇಲೆ ಬಂದರೆ ಉಪಯೋಗವಿಲ್ಲ. ಹಾಡು ಮುಗಿದ ಕೂಡಲೇ ಪರದೆ ಕಪ್ಪಾಗಲಿ. ಪ್ರಾರ್ಥನೆಯ ಹೊತ್ತಿಗೆ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಕಾಣಿಸುವುದು ತೀರ ನೋವಿನ ಸಂಗತಿ.

ಪ್ರಸಂಗದ (ಅಯ್ಯನವರ ಬೋಧನೆಯ) ನಡುವೆ ವಿಡಿಯೊ ಹಾಕಬಹುದೇ ಎಂದು ನೀವು ಕೇಳಿಲ್ಲ, ಆದರೆ ಪರದೆ ಬಂದರೆ ಆ ಬೇಡಿಕೆಯೂ ಬಂದೇ ಬರುತ್ತದೆ. ಕಥೋಲಿಕ ಸಭೆಯ ಕೇಂದ್ರವಾದ ರೋಮ್ 1958ರಲ್ಲಿ ದೇವಾಲಯದೊಳಗೆ ಯಾವ ಉದ್ದೇಶಕ್ಕೂ ಪ್ರೊಜೆಕ್ಟರ್ ಬಳಸಕೂಡದು ಎಂದು ಖಡಾಖಂಡಿತವಾಗಿ ಹೇಳಿತ್ತು. 1973ರ ಹೊತ್ತಿಗೆ ಮಕ್ಕಳ ಬಲಿಪೂಜೆಯಲ್ಲಿ ಚಿತ್ರಗಳಿಗೆ ಜಾಗ ಸಿಕ್ಕಿತು. ನನ್ನ ಅಭಿಪ್ರಾಯ ಇವೆರಡರ ನಡುವೆ ಇದೆ. ಒಂದು ನಿಶ್ಚಲ ಚಿತ್ರ, ಒಂದು ನಕ್ಷೆ, ಮಿಷನ್ ಕ್ಷೇತ್ರದ ಒಂದು ಫೋಟೊ ಪ್ರಸಂಗಕ್ಕೆ ನೆರವಾಗುತ್ತವೆ. ಐದು ನಿಮಿಷದ ಸಿನಿಮಾ ತುಣುಕು ಅಯ್ಯನವರ ಮಾತನ್ನು ನುಂಗಿಹಾಕುತ್ತದೆ. ಮಿಷನರಿಗಳು ಗಾಜಿನ ಚಿತ್ರಗಳನ್ನು ಬೆಳಕಿನಿಂದ ದೊಡ್ಡದಾಗಿ ತೋರಿಸುವ ಮ್ಯಾಜಿಕ್ ಲ್ಯಾಂಟರ್ನ್ ಹಿಡಿದು ಹಳ್ಳಿಹಳ್ಳಿಗೆ ಹೋದದ್ದು ಸಂಜೆಯ ಕೂಟಗಳಿಗೆ. ನಿಮ್ಮ ಯೂತ್‌ನವರ ವಿಡಿಯೊಗೂ ಶನಿವಾರ ಸಂಜೆಯೇ ಒಳ್ಳೆಯ ಹೊತ್ತು.

ಹೊಸ ಸಂಗೀತ ಎಂದರೆ ಬೆಂಗಳೂರು, ಆಸ್ಟ್ರೇಲಿಯ, ಅಮೆರಿಕದಿಂದಲೇ ಬರಬೇಕೆಂದು ಯಾಕೆ ಎಂಬುದು ಯೂತ್‌ನವರಿಗೆ ನನ್ನ ಪ್ರಶ್ನೆ. ಈಗಿನ ಹೊಸ ಹಾಡುಗಳಲ್ಲಿ ಸ್ತುತಿ ಹೇರಳ, ಅಳಲು ಇಲ್ಲವೇ ಇಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅಳಲಿನವು. ಆಲೂಗಡ್ಡೆಗೆ ಅಂಗಮಾರಿ ಬಿದ್ದ ವರ್ಷ, ಆಲೂರು, ಸಕಲೇಶಪುರ ಕಡೆ ಆನೆಗೆ ಸಿಕ್ಕಿ ಯಾರಾದರೂ ಸತ್ತ ವಾರ, ಅಕಾಲ ಮಳೆಗೆ ಕಣದಲ್ಲಿ ಒಣಗಲು ಹಾಕಿದ ಕಾಫಿ ನೆನೆದುಹೋದ ದಿನ ನಿಮ್ಮ ಸಭೆ ಯಾವ ಹಾಡು ಹಾಡುತ್ತದೆ? ಆ ಹಾಡನ್ನು ನಿಮ್ಮವರೇ ಕಟ್ಟಬೇಕು. ಸುಗ್ಗಿಯ ಮಟ್ಟು ನಿಮ್ಮ ಸುತ್ತಲೇ ಇದೆ. ಹಾರ್ವೆಸ್ಟ್ ಹಬ್ಬ ಇದಕ್ಕೆ ಒಳ್ಳೆಯ ಆರಂಭ. ಅವತ್ತು ಹೇಗೂ ಜನ ಕಾಯಿಪಲ್ಯ, ಮೆಣಸು, ಕೋಳಿ ಹಿಡಿದು ಸಂಭ್ರಮದಲ್ಲಿ ಬಂದಿರುತ್ತಾರೆ, ಹೊಸ ಹಾಡಿಗೆ ಕಿವಿ ತೆರೆದಿರುತ್ತದೆ.

ತಮಟೆಯ ವಿಷಯದಲ್ಲಿ ಮಾತ್ರ ಆತುರಪಡಬೇಡಿ. ಮದುರೈನ ತಮಿಳುನಾಡು ಥಿಯಲಾಜಿಕಲ್ ಸೆಮಿನರಿಯಲ್ಲಿ ಥಿಯೋಫಿಲಸ್ ಅಪ್ಪಾವೂ ಅವರು ಹಳ್ಳಿಯ ಜನಪದ ಸಂಗೀತವನ್ನೇ ಆರಾಧನೆಗೆ ತಂದು ದಲಿತರ ದನಿಗೆ ಗೌರವ ಕೊಟ್ಟರು. ನನಗೆ ಅದು ದೊಡ್ಡ ಕೆಲಸ. ಆದರೂ, ಸಾವಿಗೂ ಜಾತ್ರೆಗೂ ತಮಟೆ ಬಡಿಯಲೇಬೇಕೆಂಬ ಬಿಟ್ಟಿ ಕೆಲಸವನ್ನು ಕಂಡುಂಡ ಕುಟುಂಬದ ಹಿರಿಯರಿಗೆ ದೇವಾಲಯದೊಳಗೆ ಆ ಸದ್ದು ಕೇಳಿದರೆ ಏನನಿಸುತ್ತದೆ ಎಂದು ಮೊದಲು ಅವರನ್ನೇ ಕೇಳಿ. ಅವರು ಬೇಡ ಎಂದರೆ ಬೇಡ. ಅವರೇ ಕೈಗೆತ್ತಿಕೊಂಡರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಕಾನೂನಿನ ಒಂದೆರಡು ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಂ ಪ್ರಕಾರ ನಿಜವಾದ ಧಾರ್ಮಿಕ ವಿಧಿಯ ಭಾಗವಾಗಿ ಹಾಡು ಹಾಡುವುದು ಉಲ್ಲಂಘನೆಯಲ್ಲ. ಆದರೆ ಅದೇ ಆರಾಧನೆಯನ್ನು ಯೂಟ್ಯೂಬ್‌ನಲ್ಲಿ ಬಿಡುವುದು, ಹಾಡಿನ ಸಾಹಿತ್ಯವನ್ನು ಪುಸ್ತಕ ಮಾಡಿ ಹಂಚುವುದು ಬೇರೆ ಸಂಗತಿ. ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ಬರೆದವರು ಸತ್ತು 60 ವರ್ಷ ಕಳೆದ ಹಾಡುಗಳಿಗೆ ಆ ತೊಂದರೆಯಿಲ್ಲ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರ್ ಇನ್ನೂ ಬಿಗಿ, ಮತ್ತು ನಮ್ಮ ಎಷ್ಟೋ ದೇವಾಲಯಗಳು ಮಿಷನ್ ಶಾಲೆ, ಆಸ್ಪತ್ರೆಗಳ ಮಗ್ಗುಲಲ್ಲೇ ಇವೆ. ಹೊರಗಿನ ಹಾರ್ನ್ ಸ್ಪೀಕರ್ ತೆಗೆದುಬಿಡಿ. ಲೈವ್ ಮಾಡುವುದಾದರೆ ಹಾಸಿಗೆ ಹಿಡಿದವರಿಗೆ, ದೂರದ ಊರಿನ ಮಕ್ಕಳಿಗೆ ಉಪಕಾರ. ಕ್ಯಾಮೆರಾ ಮಾತ್ರ ಒಂದೇ ಕಡೆ ನಿಂತಿರಲಿ. ಕರ್ತನ ಭೋಜನಕ್ಕೆ ಮೊಣಕಾಲೂರಿದವರ ಮುಖಕ್ಕೆ ಅದು ಹೋಗಬಾರದು.

ಎಲ್ಲಿಂದ ಶುರು ಎಂದು ಕೇಳಿದಿರಿ. ಕಮಿಟಿಯಲ್ಲಿ ಇದನ್ನು ಮತಕ್ಕೆ ಹಾಕಬೇಡಿ. ಮತಕ್ಕೆ ಹಾಕಿದರೆ ಗೆದ್ದವರೂ ಸೋತವರೂ ಒಂದೇ ಬೆಂಚಿನಲ್ಲಿ ಕೂರಬೇಕಾಗುತ್ತದೆ. ತಿಂಗಳಿಗೆ ಒಂದೇ ಹೊಸ ಹಾಡು ಸಾಕು. ಆರಾಧನೆಗೆ ಹತ್ತು ನಿಮಿಷ ಮುಂಚೆ ಬಂದವರಿಗೆ ವಾದ್ಯವಿಲ್ಲದೆ, ಸಾಲು ಸಾಲಾಗಿ ಕಲಿಸಿ. ಮೂರು ಭಾನುವಾರ ಬಿಡದೆ ಹಾಡಿ, ಒಂದು ತಿಂಗಳು ಬಿಟ್ಟು ಮತ್ತೆ ತನ್ನಿ. ಜನರ ಬಾಯಲ್ಲಿ ನಿಂತಿದ್ದರೆ ಪಟ್ಟಿಗೆ ಸೇರಿಸಿ, ಇಲ್ಲದಿದ್ದರೆ ಬೇಸರಪಡದೆ ಬಿಟ್ಟುಬಿಡಿ. ಕಲಿಸುವ ಹುಡುಗನ ಪಕ್ಕ ಹಳೆಯ ಕ್ವಾಯರ್‌ನ ಒಬ್ಬ ಹಿರಿಯರು ನಿಂತಿರಲಿ. ಪ್ರತಿಯಾಗಿ ಯೂತ್‌ನವರು ಹಳೆಯ ಪುಸ್ತಕದಿಂದ ತಿಂಗಳಿಗೊಂದು ಹಾಡನ್ನು ಆ ಹಿರಿಯರಿಂದಲೇ, ಅವರ ಧಾಟಿಯಲ್ಲೇ ಕಲಿಯಲಿ. ಅಚ್ಚಿನಲ್ಲಿ ಸಾಹಿತ್ಯ ಮಾತ್ರ ಇದೆ. ಧಾಟಿ ಇರುವುದು ಅವರ ಗಂಟಲಲ್ಲಿ. ಅವರ ಅನುಮತಿ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಿಮ್ಮ ಸಭೆಗೆ ಮಲ್ಟಿಮೀಡಿಯಾದಿಂದ ಆಗಬಹುದಾದ ಮೊದಲ ಉಪಕಾರ ಅದೇ.

ಪರದೆಗೆಂದು ದುಡ್ಡು ಕೊಡಲು ಬಂದವರ ಬಳಿ ಅಯ್ಯನವರೂ ನೀವೂ ಒಟ್ಟಿಗೆ ಹೋಗಿ ಮಾತಾಡಿ. ಮೊದಲು ಎರಡು ಒಳ್ಳೆಯ ಮೈಕ್ ಮತ್ತು ಮಿಕ್ಸರ್‌ನ ಜಾಗ ಬದಲಿಸುವ ವೈರಿಂಗ್, ಆಮೇಲೆ ಸಂಡೇ ಸ್ಕೂಲ್ ಮಕ್ಕಳಿಗೆ ಕೀಬೋರ್ಡ್, ತಬಲಾ ಕಲಿಸುವವರೊಬ್ಬರ ಒಂದು ವರ್ಷದ ಸಂಬಳ, ಉಳಿದರೆ ಆ ಎರಡು ಟಿವಿ. ಕೊಡುಗೆಯ ಹೆಸರಿನ ಫಲಕವನ್ನು ಟಿವಿಯ ಕೆಳಗೆ ಹಾಕಿಸುತ್ತೇವೆ ಎಂದು ಮಾತ್ರ ಒಪ್ಪಿಕೊಳ್ಳಬೇಡಿ.